ಎದೆಕಿಸೆಯ ಪಾಸ್‌ಪೋರ್ಟ್

ದಕ್ಷಿಣ ಧ್ರುವದ ಕಡೆ ಹೊರಟ ಪ್ರವಾಸಿ ಹಡಗಿನಲ್ಲಿ ನಮ್ಮ ಮಂಗಳೂರಿನ ಒಬ್ಬ ಗುಮಾಸ್ತನಿದ್ದ. ಹತ್ತಿದವರ ಪಾಸ್‌ಪೋರ್ಟ್ ತೆಗೆದುಕೊಂಡು ಕಪಾಟಿನಲ್ಲಿಟ್ಟು, ಇಳಿಯುವಾಗ ಕೊಡುವುದು ಅವನ ಕೆಲಸ.

ಹಡಗನ್ನೇ ಬಾಡಿಗೆಗೆ ಹಿಡಿದಿದ್ದ ಜಯಕರ ಬಲ್ಲಾಳರು ಕ್ಯಾಪ್ಟನ್ ಪಿರೇರಾರ ಮುಂದೆ ಮೇಜು ಕುಟ್ಟಿದರು. "ಮಂಜುಗಡ್ಡೆಯ ನಡುವೆ ಇನ್ನೂ ಒಳಗೆ ಹೋಗಬೇಕು. ಇಲ್ಲದಿದ್ದರೆ ನಿಮ್ಮ ಕೆಲಸ ಹೋಗ್ತದೆ."

"ಈ ಹಡಗಿಗೆ ಕೊಟ್ಟ ದರ್ಜೆ ತೆಳು ಮಂಜುಗಡ್ಡೆಗೆ ಮಾತ್ರ. ದಪ್ಪದ್ದು ತಾಗಿದರೆ ಒಡೀತದೆ," ಎಂದರು ಕ್ಯಾಪ್ಟನ್.

"ದರ್ಜೆಯೆಲ್ಲ ಬರೀ ಕಾಗದ."

ಅಲ್ಲೇ ಇದ್ದ ಗುಮಾಸ್ತ ಕಪಾಟು ತೆಗೆದು, ಬಲ್ಲಾಳರ ಪಾಸ್‌ಪೋರ್ಟನ್ನು ಒಂದು ಹಳೆಯ ಪ್ಲಾಸ್ಟಿಕ್ ಕವರಿಗೆ ಹಾಕಿ ತಂದುಕೊಟ್ಟ.

"ಎದೆಯ ಕಿಸೆಯಲ್ಲಿಡಿ ಸಾರ್. ಗುಂಡಿ ಹಾಕಿಕೊಳ್ಳಿ."

"ಇದನ್ನು ಇಳಿಯುವಾಗ ಅಲ್ವಾ ಕೊಡುವುದು?"

"ಒಳಗೆ ಹೋಗುವುದಾದರೆ ಈಗಲೇ ಕೊಡ್ಬೇಕು ಸಾರ್. ಆಮೇಲೆ ಮುಖದ ಗುರುತು ಸಿಕ್ಕುದಿಲ್ಲ. ಕಾಗದ ಆದರೆ ಸಿಕ್ತದೆ."

ಅಷ್ಟರಲ್ಲಿ ಹೊರಗೆ ಮಂಜುಗಡ್ಡೆಯೊಂದು ಹಡಗಿನ ಮೈಯನ್ನು ಉದ್ದಕ್ಕೂ ಉಗುರಿನಿಂದ ಗೀರಿದಂತೆ ಕೆರೆದುಕೊಂಡು ಹೋಯಿತು. ಸದ್ದು ನಿಂತ ಮೇಲೆ ಬಲ್ಲಾಳರು ಕೈಯಲ್ಲಿದ್ದ ಕವರನ್ನು ನೋಡಿದರು. ಅದರ ಒಳಗೆ ಉಪ್ಪು ಬೆಳ್ಳಗೆ ಅಂಟಿತ್ತು.

ಪಾಸ್‌ಪೋರ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹಡಗು ತಿರುಗಿಸಿ."

ಅವರು ಹೋದ ಮೇಲೆ ಕ್ಯಾಪ್ಟನ್ ನಕ್ಕರು. "ನೀನು ಭಾರೀ ಜನ ಮಾರಾಯ. ಆ ಉಪ್ಪು ಅಡುಗೆಮನೆಯಿಂದ ತಂದು ಹಚ್ಚಿದ್ದಾ?"

"ನಾನು ಹಚ್ಚಲಿಲ್ಲ ಸಾರ್," ಎಂದ ಗುಮಾಸ್ತ, ಕವರನ್ನು ಒರೆಸಿ ಕಪಾಟಿನಲ್ಲಿಡುತ್ತಾ. "ನನ್ನ ಹಿಂದಿನ ಹಡಗು ಮುಳುಗಿದಾಗ ಒಬ್ಬರ ಎದೆಕಿಸೆಯಲ್ಲಿದ್ದದ್ದು. ವಾಪಸ್ ಸಿಕ್ಕಿದ್ದು ಇದು ಮಾತ್ರ."