ಶಾಲೆಯ ತೊಟ್ಟಿಯ ಕಪ್ಪೆ

ಒಣಗಿದ ತೆಂಗಿನ ಮರವನ್ನು ಸಂಜೆ ಕಡಿಯುವವರಿದ್ದರು. ಅದು ಬೀಳುವ ದಿಕ್ಕಿನ ಪೊದೆಯಲ್ಲೇ ಹೇಂಟೆಯೊಂದು ಕಾವಿಗೆ ಕೂತಿತ್ತು. ಎದ್ದರೆ ಮೊಟ್ಟೆ ಕೆಡುತ್ತವೆ, ಕೂತರೆ ಮರ ಮೈಮೇಲೆ ಬೀಳಬಹುದು. ಇದೇ ಅದರ ಸಂಕಟ.

"ಎದ್ದು ಓಡು ಮಾರಾಯ್ತಿ!" ಎಂದಿತು ಕಾಗೆ.

"ತಾಳಕ್ಕ, ಮರವನ್ನು ಅಳೆಯೋಣ," ಎಂದಿತು ಕಪ್ಪೆ.

"ಬಾವಿಕಪ್ಪೆಗೆ ಮರದ ಎತ್ತರ ಗೊತ್ತೇ?" ಎಂದು ಕಾಗೆ ನಕ್ಕಿತು.

"ನಾನು ಬಾವಿಯವನಲ್ಲ. ಶಾಲೆಯ ಕಿಟಕಿ ಕೆಳಗಿನ ತೊಟ್ಟಿಯವನು. ಪಾಠ ಕೇಳಿದ್ದೇನೆ."

ಕಪ್ಪೆ ಒಂದು ಕಡ್ಡಿ ನೆಟ್ಟು, ಅದರ ನೆರಳು ಕಡ್ಡಿಯಷ್ಟೇ ಉದ್ದವಾಗುವವರೆಗೆ ಕಾಯಿತು. ಏಕೆಂದರೆ ಆ ಗಳಿಗೆಯಲ್ಲಿ ಮರದ ನೆರಳೂ ಮರದಷ್ಟೇ ಉದ್ದವಿರುತ್ತದೆ. ನೆರಳಿನುದ್ದಕ್ಕೂ ಜಿಗಿದರೆ ನಲವತ್ತು ಜಿಗಿತ. ಬುಡದಿಂದ ಪೊದೆಗೆ ನಲವತ್ತಮೂರು.

"ಏಳಬೇಡಕ್ಕ, ನಿನಗೆ ತಾಗದು."

"ತಪ್ಪಿದ್ದರೆ?" ಎಂದಿತು ಕಾಗೆ.

ಕಪ್ಪೆ ಬಂದು ಹೇಂಟೆಯ ಪಕ್ಕದಲ್ಲೇ ಕೂತಿತು. ಅದನ್ನು ಕಂಡ ಹೇಂಟೆ ರೆಕ್ಕೆಯನ್ನು ಮೊಟ್ಟೆಗಳ ಮೇಲೆ ಇನ್ನಷ್ಟು ಬಿಗಿಯಾಗಿ ಹರಡಿತು.

ಸಂಜೆ ಮರ ಉರುಳಿತು. ಪೊದೆಗೆ ಬರೀ ಧೂಳು ಬಡಿಯಿತು.

ಹೇಂಟೆ ಕೂತಲ್ಲಿಂದಲೇ ಕಣ್ಣು ತೆರೆದು ಕೇಳಿತು: "ಮರಿಗಳು ಹೊರಬಂದ ಮೇಲೆ ಆ ಕಿಟಕಿ ತೋರಿಸುತ್ತೀಯಾ?"