ನೀರಿನಲ್ಲಿ ಬಂಡೆ ಹತ್ತಿದ ನರಿ

ಒಂದು ಕಾಡಿನಲ್ಲಿ ಒಂದು ಹೆಬ್ಬಂಡೆಯಿತ್ತು. ಅದರ ಬುಡದಲ್ಲಿ ತಿಳಿನೀರಿನ ಕೊಳವಿತ್ತು. ಬಂಡೆಯ ಎಡಬದಿ ನುಣ್ಣನೆಯ ಇಳಿಜಾರು. ಅದರ ತಲೆಗೆ ಹಿಂದಿನಿಂದ ಒಂದು ಕಾಲುದಾರಿಯಿತ್ತು. ಬಲಬದಿ ನೆಟ್ಟಗಿನ ಗೋಡೆ. ಅದರ ನೆತ್ತಿಗೆ ಇಳಿಜಾರಿನ ಕಡೆಯಿಂದ ದಾರಿಯಿರಲಿಲ್ಲ; ಅಲ್ಲಿ ಜೇನಿತ್ತು. ಕಾಡಿನ ಪ್ರಾಣಿಗಳಿಗೆ ಕೊಳದ ಆಚೆ ದಡದಲ್ಲಿ ಕುಳಿತು ದಿನವಿಡೀ ನೀರನ್ನೇ ನೋಡುವ ರೂಢಿಯಿತ್ತು. ತಲೆಯೆತ್ತಿದರೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು, ನೀರು ತಂಪಾಗಿತ್ತು. ನೀರಿನಲ್ಲಿ ಕಂಡದ್ದು ಮೆಚ್ಚುಗೆಯಾದರೆ ನೆಲಕ್ಕೆ ಬಾಲ ಬಡಿಯಬೇಕು. ಯಾರಿಗೆ ಹೆಚ್ಚು ಬಾಲಗಳು ಬಡಿಯುತ್ತವೆಯೋ ಅವರೇ ದೊಡ್ಡವರು.

ಆ ಕಾಡಿನ ಅತಿ ದೊಡ್ಡವನು ಶಿಖರರಾಯನೆಂಬ ನರಿ.

ಅವನ ವಿದ್ಯೆ ಇಷ್ಟೇ. ಕಾಲುದಾರಿ ಹಿಡಿದು, ಯಾರಿಗೂ ಕಾಣದಂತೆ ಇಳಿಜಾರಿನ ತಲೆಗೆ ಹೋಗುತ್ತಿದ್ದ. ಬಂಡೆಗೆ ಹೊಟ್ಟೆಯಾನಿಸಿ, ಮೂತಿ ಮುಂದೆ ಮಾಡಿ, ಸೊಂಯ್ಯೆಂದು ಕೆಳಗೆ ಜಾರುತ್ತಿದ್ದ. ನೀರಿನಲ್ಲಿ ಕಾಣುವ ಬಂಡೆ ತಲೆಕೆಳಗು. ಆದ್ದರಿಂದ ನೀರನ್ನು ನೋಡುವವರಿಗೆ ಜಾರುವ ನರಿ ಬಾಣದಂತೆ ಬಂಡೆ ಏರುವವನಾಗಿ ಕಾಣುತ್ತಿದ್ದ. ದಡವೆಲ್ಲ ಬಾಲದ ಸದ್ದಿನಿಂದ ಗುಡುಗುತ್ತಿತ್ತು.

ಜುಂಗನೆಂಬ ಕರಡಿಮರಿ ಎಲ್ಲರಿಗಿಂತ ಜೋರಾಗಿ ಬಡಿಯಲು ಹೆಣಗುತ್ತಿದ್ದ. ಅವನ ಬಾಲ ಹೆಬ್ಬೆರಳಿನಷ್ಟು, ಸದ್ದೇ ಬರುತ್ತಿರಲಿಲ್ಲ. ಬದಲಿಗೆ ಕುಂಡೆಯನ್ನೇ ನೆಲಕ್ಕೆ ಕುಕ್ಕುತ್ತಿದ್ದ. ಗುರುದಕ್ಷಿಣೆಯೆಂದು ತನ್ನ ಪಾಲಿನ ಏಡಿಗಳನ್ನು ನರಿಗೊಪ್ಪಿಸಿ ತಾನು ಉಪವಾಸವಿರುತ್ತಿದ್ದ.

ಜುಂಗನ ಅವ್ವ ದಿನವೂ ಬಲಬದಿಯ ಗೋಡೆ ಹತ್ತಿ ಜೇನು ತರುತ್ತಿದ್ದಳು. ನಿಜವಾಗಿ ಹತ್ತುತ್ತಿದ್ದಳು. ಹಾಗಾಗಿ ನೀರಿನಲ್ಲಿ ಅವಳು ದಿನವೂ ಮುಳುಗುತ್ತಿದ್ದಳು.

"ಏನಪ್ಪಾ ಜುಂಗ, ನಿಮ್ಮವ್ವ ಇವತ್ತು ಎಷ್ಟು ಆಳಕ್ಕೆ ಇಳಿದಳು?" ಎಂದು ಮೊಲ ಕೇಳುತ್ತಿತ್ತು.

"ತಳ ಮುಟ್ಟಿದ ಮೇಲೆ ಹೇಳು, ಬಾಲ ಬಡಿಯೋಣ" ಎಂದು ಮುಳ್ಳುಹಂದಿ ಸೇರಿಸುತ್ತಿತ್ತು.

ಜುಂಗ ನಾಚಿಕೆಯಿಂದ ಮುದುಡುತ್ತಿದ್ದ.

ಒಂದು ದಿನ ಅವ್ವ ಹೇಳಿದಳು: "ಮಗಾ, ಸೀಳುನಾಯಿಗಳು ಬರೋ ಕಾಲ ಇದು. ಇಷ್ಟು ದಿನ ಬೆನ್ನ ಮೇಲೆ ಹೊತ್ತೆ. ಈಗ ನೀನು ಗುಂಡುಕಲ್ಲಿನ ಹಾಗೆ ಬೆಳೆದಿದ್ದೀಯ. ಗೋಡೆ ಹತ್ತೋದು ಕಲಿ, ಬಾ."

"ಕಲೀತಾ ಇದ್ದೀನವ್ವ. ಶಿಖರರಾಯರ ಹತ್ರ."

"ಅವನು ಹತ್ತಿದ್ದನ್ನ ನೀನು ನೋಡಿದ್ದೀಯಾ?"

"ಇಡೀ ಕಾಡೇ ನೋಡಿದೆ. ಅವರಿಗೆ ಏದುಸಿರು ಅನ್ನೋದೇ ಇಲ್ಲ. ನೀನಾದರೆ ಬುಸುಗುಡ್ತೀಯ, ಜಾರ್ತೀಯ, ಮತ್ತೆ ಹಿಂದಕ್ಕೆ ಬರ್ತೀಯ. ನೋಡಿದವರು ನಗ್ತಾರೆ."

ಅವ್ವ ಜೇನಿನ ಚೂರನ್ನು ಅವನ ಮುಂದಿಟ್ಟು ಹೋದಳು.

ಮರುದಿನ ಸೂರ್ಯ ನೆತ್ತಿಗೇರಿದ್ದ. ಕಾಲುದಾರಿಯ ಕಡೆಯಿಂದ ಸೀಳುನಾಯಿಗಳ ಸಿಳ್ಳು ಕೇಳಿತು. ದಡದಲ್ಲಿದ್ದವರೆಲ್ಲ ಕೊಳವನ್ನು ಸುತ್ತಿ ಇಳಿಜಾರಿನ ಬುಡಕ್ಕೆ ಓಡಿದರು. ಅಲ್ಲಿ ಶಿಖರರಾಯ ಏಡಿ ತಿನ್ನುತ್ತ ಕುಳಿತಿದ್ದ.

"ಗುರುಗಳೇ, ಮೊದಲು ನೀವು ಹತ್ತಿ" ಎಂದಿತು ಮೊಲ.

ನರಿ ಹಿಂದೆ ನೋಡಿದ. ಕಾಲುದಾರಿಯಲ್ಲಿ ಕೆಂಪು ಬೆನ್ನುಗಳು ಕಾಣುತ್ತಿದ್ದವು. ಅವನು ಬಂಡೆಗೆ ಹೊಟ್ಟೆಯಾನಿಸಿ ಮಲಗಿದ. ಮೂತಿ ಮುಂದೆ ಮಾಡಿದ. ಬಂಡೆ ಅವನನ್ನು ಎಲ್ಲಿಗೂ ಒಯ್ಯಲಿಲ್ಲ.

"ಇವತ್ತು ಗಾಳಿ ಸರಿಯಿಲ್ಲ" ಎಂದ.

ಶಿಷ್ಯರು ಅದನ್ನೂ ಪಾಠವೆಂದೇ ತಿಳಿದರು. ಮೊಲ ಮಲಗಿತು. ಮುಳ್ಳುಹಂದಿ ಮಲಗಿತು. ಜುಂಗನೂ ಮಲಗಿದ. ಎಲ್ಲರೂ ಮೂತಿ ಮುಂದೆ ಮಾಡಿ, ಹೊಟ್ಟೆ ಉಜ್ಜುತ್ತ, ಮೇಲೇರುವುದನ್ನೇ ಕಾಯುತ್ತ ಬಿದ್ದುಕೊಂಡರು. ಸಿಳ್ಳು ಹತ್ತಿರವಾಯಿತು.

ನರಿ ಸದ್ದಿಲ್ಲದೆ ಎದ್ದ. ಶಿಷ್ಯರ ಮೇಲೆ ಹಾರಿ ಪರಾರಿಯಾಗಲು ನೆಗೆದ. ಗಾಬರಿಗೊಂಡ ಮುಳ್ಳುಹಂದಿ ಅದೇ ಕ್ಷಣದಲ್ಲಿ ಮುಳ್ಳು ನಿಮಿರಿಸಿತು. ಗುರುವಿನ ಪೃಷ್ಠಭಾಗ ಶಿಷ್ಯನ ಬೆನ್ನ ಮೇಲೆ ಇಳಿಯಿತು. ಮರುಕ್ಷಣ ಅವನು ನಿಜವಾಗಿಯೂ ಮೇಲಕ್ಕೆ ಹಾರಿದ; ಕಾಡು ಕಂಡ ಅವನ ಏಕೈಕ ಆರೋಹಣ ಅದು. ಬಿದ್ದದ್ದು ಕೊಳದ ಕೆಸರಿಗೆ.

"ಗುರುಗಳು ಹತ್ತಿದರಾ, ಇಳಿದರಾ?" ಎಂದು ಮುಳ್ಳುಹಂದಿ ಕೇಳಿತು. ಉತ್ತರಕ್ಕೆ ಕಾಯದೆ ಮೊಲ ಬಂಡೆಯ ಬಿರುಕಿನೊಳಗೆ ನುಗ್ಗಿತು. ಮುಳ್ಳುಹಂದಿ ಅದರ ಹಿಂದೆಯೇ ನುಗ್ಗಿ ಬಿರುಕಿನ ಬಾಯಿಗೆ ಮುಳ್ಳಿನ ಬಾಗಿಲು ಹಾಕಿತು.

ಜುಂಗನಿಗೆ ಬಿರುಕು ಸಾಲದು. ಗೋಡೆಯ ಬುಡದಲ್ಲಿ ಅವ್ವ ನಿಂತಿದ್ದಳು. ಅವನು ಓಡಿಹೋಗಿ ಅವಳ ಬೆನ್ನೇರಿದ. ಎರಡು ಹಿಡಿತ ಹತ್ತುವಷ್ಟರಲ್ಲಿ ಇಬ್ಬರೂ ಜಾರಿ ಕೆಳಗೆ ಬಿದ್ದರು.

"ಇಳಿ ಮಗಾ. ನನ್ನನ್ನ ನೋಡ್ಕೊಂಡು ಬಾ" ಎಂದಳು ಅವ್ವ.

ಜುಂಗ ಮೊದಲ ಬಾರಿಗೆ ತಲೆಯೆತ್ತಿದ. ಬಿಸಿಲು ಕಣ್ಣಿಗೆ ಚುಚ್ಚಿತು, ಕಣ್ಣೀರು ಸುರಿಯಿತು, ಅವನು ರೆಪ್ಪೆ ಮುಚ್ಚಲಿಲ್ಲ. ಅವ್ವ ಒಂದು ಸಂದಿಗೆ ಉಗುರು ತೂರಿಸಿ ಜಗ್ಗಿ ನೋಡಿದಳು. ಕಲ್ಲು ಅಲುಗಿತು, ಉಗುರು ಹಿಂದೆಗೆದಳು. ಬೇರೆ ಸಂದಿ ಹುಡುಕಿದಳು. ಒಂದೆಡೆ ಜಾರಿದಳು, ಬುಸುಗುಟ್ಟಿದಳು, ಪಕ್ಕಕ್ಕೆ ಸರಿದಳು. ಅವಳು ಜಾರಿದ ಕಡೆ ಜುಂಗ ಕಾಲಿಡಲಿಲ್ಲ. ಅವಳು ನಿಂತ ಕಡೆ ನಿಂತ. ಇಷ್ಟು ದಿನ ತಾನು ನಾಚಿದ ಆ ಜಾರಾಟವೇ ಈಗ ಅವನಿಗೆ ದಾರಿ ತೋರುತ್ತಿತ್ತು. ಕೆಳಗೆ ಒಂದು ಸೀಳುನಾಯಿ ನೆಗೆದು ಅವನ ಹಿಮ್ಮಡಿಯ ಕೂದಲು ಕಿತ್ತಿತು. ಕೂದಲು ಮಾತ್ರ.

ನೆತ್ತಿಯಲ್ಲಿ ತಾಯಿಮಕ್ಕಳು ಕುಳಿತು ದಣಿವಾರಿಸಿಕೊಂಡರು. ಕೆಳಗೆ ನಾಯಿಗಳು ಕೆಸರಿಗಿಳಿಯಲು ಅಂಜಿ, ಬಿರುಕನ್ನು ಮೂಸಿ, ಮೂಗಿಗೆ ಮುಳ್ಳು ಚುಚ್ಚಿಸಿಕೊಂಡು, ಕುಂಯ್‌ಗುಡುತ್ತ ಹೊರಟುಹೋದವು. ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತಿದ್ದ ಶಿಖರರಾಯ "ಯಾರಾದರೂ ಎಳೀರಪ್ಪಾ" ಎಂದು ಕೂಗುತ್ತಿದ್ದ. ಮೊಲ ಬಿರುಕಿನಿಂದ ಇಣುಕಿ, "ಮೂತಿ ಮುಂದೆ ಮಾಡಿ ಗುರುಗಳೇ, ತಾನಾಗೇ ಬರ್ತೀರಿ" ಎಂದಿತು.

ಜುಂಗ ಅವ್ವನನ್ನು ಕೇಳಿದ: "ಹತ್ತೋದು ಹೀಗೆ ಅಂತ ಮೊದಲೇ ಯಾಕೆ ಹೇಳಲಿಲ್ಲ?"

"ದಿನಾ ನಿನ್ನ ಎದುರಿಗೇ ಹತ್ತುತ್ತಿದ್ದೆನಲ್ಲ ಮಗಾ" ಎಂದಳು ಅವ್ವ, ಉಗುರಿನ ಸಂದಿಯ ಮಣ್ಣು ತೆಗೆಯುತ್ತ.

ನೀತಿ: ಮೆಚ್ಚುಗೆಯ ಸದ್ದು ಕೇಳಿ ಆದರ್ಶವನ್ನು ಆರಿಸಬೇಡಿ. ತಮ್ಮ ಶ್ರಮವನ್ನೂ ಸೋಲನ್ನೂ ಮುಚ್ಚಿಡದೆ ಕಣ್ಣೆದುರು ಬದುಕುವವರನ್ನು ತಲೆಯೆತ್ತಿ ನೋಡಿ. ಅನುಸರಿಸಲು ಯೋಗ್ಯರು ಅವರೇ.

ಓದಿದವರು ಈ ಕಥೆಯನ್ನು ಮೆಚ್ಚಿ ಸುಮ್ಮನಾಗಬಾರದೆಂದು ಕೋರಿಕೆ. ಮೊಬೈಲಿನ ಪರದೆಯ ಮೇಲೆ ಬಗ್ಗಿರುವ ಒಬ್ಬರ ಪಕ್ಕದಲ್ಲಿ ಕುಳಿತು, ಅವರು ತಲೆಯೆತ್ತುವವರೆಗೆ ಕಾದು, ಇದನ್ನು ಬಾಯಾರೆ ಹೇಳಿ. ಕೇಳಿದವರು ಇನ್ನೊಬ್ಬರಿಗೆ ಹೇಳಲಿ.