ಬಾಳೆ ತನ್ನ ಒಣ ಎಲೆಯನ್ನು ಬಿಡುವುದಿಲ್ಲ, ಯಾಕೆ?

ಲೋಕ ಆಗತಾನೇ ಹುಟ್ಟಿತ್ತು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ನೋಡುತ್ತಿದ್ದವು. ಆಗ ಬಾಳೆ ಇದ್ದದ್ದು ಬೆಚ್ಚಗಿನ ಕಡಲತೀರದಲ್ಲಿ ಮಾತ್ರ. ಎಲೆ ಒಣಗಿತೋ, ತಟ್ಟನೆ ಕೆಳಗೆ ಉದುರಿಸಿ ಮೈಯನ್ನು ನುಣ್ಣಗೆ ಇಟ್ಟುಕೊಳ್ಳುತ್ತಿತ್ತು.

ಮಂಜಿನಬೆಟ್ಟದ ಮೇಲೆ ಮಾಳವ್ವ ಎಂಬ ಕುರಿ ಕಾಯುವ ಮುದುಕಿ ಇದ್ದಳು. ಉಪ್ಪು ತರಲು ಕಡಲಿಗೆ ಇಳಿದಾಗ ಬಾಳೆಯನ್ನು ಕಂಡಳು. ಅಷ್ಟಗಲದ ಎಲೆ! ಅವಳಿಗೆ ಆಸೆ ತಡೆಯಲಾಗಲಿಲ್ಲ. ನಿನ್ನ ಬುಡದಲ್ಲಿ ಮೊಳೆತ ಒಂದು ಕಂದು ಕೊಡು ಎಂದು ತಾಯಿಬಾಳೆಯನ್ನು ಕೇಳಿದಳು.

"ನಿಮ್ಮಲ್ಲಿ ನೀರೇ ಕಲ್ಲಾಗ್ತದಂತೆ. ನನ್ನ ಕೂಸು ಬದುಕೀತೇನವ್ವಾ?"

"ಹೊಟ್ಟೇಲಿ ಹುಟ್ಟಿದ ಮಗಳ ಹಂಗೆ ಸಾಕ್ತೀನಿ. ಇದು ನನ್ನ ಮಾತು."

ಕಂದನ್ನು ಮಡಿಲಲ್ಲಿಟ್ಟುಕೊಂಡು ಬೆಟ್ಟ ಹತ್ತುವಾಗ ಬಡಗಣ ಗಾಳಿ ಅಡ್ಡ ಬಂತು. "ಏ ಮುದುಕಿ, ಒಂದೇ ಚಳಿಗಾಲಕ್ಕೆ ಇದನ್ನ ಮುಗಿಸಿಬಿಡ್ತೀನಿ!"

"ನೋಡೇಬಿಡಾನ, ಬಾ," ಎಂದಳು ಮಾಳವ್ವ.

ಬೇಸಿಗೆಯಲ್ಲಿ ಬಾಳೆ ಆಳೆತ್ತರ ಬೆಳೆಯಿತು. ಬೆಟ್ಟದ ಜನ ದಿನಾ ಬಂದು ಬಾಯಿ ಬಿಟ್ಟುಕೊಂಡು ನೋಡಿದರು. ಮಾಳವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಅವಳಿಗೊಂದು ಚಾಳಿ. ಅಂಗಳದಲ್ಲಿ ಒಂದು ತರಗೆಲೆ ಕಂಡರೂ ಊಟ ಸೇರದು. ಮಗಳ ಬುಡ ಕೊಳಕಾಗಿದ್ದರೆ ನೋಡಿದವರು ಏನಂದಾರು? ಬಾಳೆ ಉದುರಿಸಿದಳು, ಮಾಳವ್ವ ಗುಡಿಸಿದಳು. ಉದುರಿಸಿದಳು, ಗುಡಿಸಿದಳು. ಗುಡಿಸಿದ್ದನ್ನೆಲ್ಲ ಕುರಿದೊಡ್ಡಿಗೆ ಸುರಿದಳು.

ಚಳಿಗಾಲದ ಮೊದಲ ಮಂಜು ಬಿತ್ತು. ಬರಿಮೈಯಲ್ಲಿ ನಿಂತಿದ್ದ ಬಾಳೆ ಬೆಳಗಾಗುವಷ್ಟರಲ್ಲಿ ಕಪ್ಪಾಗಿ ಕುಸಿದಿತ್ತು. ಗಾಳಿ ಕೇಕೆ ಹಾಕಿತು.

"ಕೊಟ್ಟ ಮಾತು ಮಣ್ಣುಪಾಲಾಯ್ತಲ್ಲಪ್ಪಾ!" ಮಾಳವ್ವ ದೊಡ್ಡಿಯಲ್ಲಿ ಕೂತು ಗಳಗಳ ಅತ್ತಳು. ಅಳುತ್ತಲೇ ನೋಡುತ್ತಾಳೆ, ನಿನ್ನೆ ಹುಟ್ಟಿದ ಕುರಿಮರಿ ಚೂರೂ ನಡುಗದೆ ಹಾಯಾಗಿ ಮಲಗಿದೆ.

"ನಿನ್ನ ಮರಿಗೆ ಚಳಿಯಾಗಾಕಿಲ್ವಾ?" ಎಂದು ತಾಯಿಕುರಿಯನ್ನು ಕೇಳಿದಳು.

"ಬಾಳೆತರಗು ಹಾಸಿ ಕೊಟ್ಟೆಯಲ್ಲ ಅವ್ವಾ. ಒಳಕ್ಕೆ ಕೈಯಿಟ್ಟು ನೋಡು," ಎಂದಿತು ಕುರಿ.

ಒಳಗೆ ಬೆಚ್ಚಗಿತ್ತು. ಮಾಳವ್ವ ಹಣೆ ಚಚ್ಚಿಕೊಂಡಳು. "ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಮಗಳ ಹೊದಿಕೇನೇ ಗುಡಿಸಿ ಹಾಕಿದ್ನಲ್ಲ!"

ಓಡಿಹೋಗಿ ಬೆರಳಿನಿಂದಲೇ ಬುಡ ಕೆದಕಿದಳು. ಗೆಡ್ಡೆ ಇನ್ನೂ ಗಟ್ಟಿಯಾಗಿತ್ತು! ಮರಿಗೆ ಅರ್ಧ ಬಿಟ್ಟು ಉಳಿದ ತರಗನ್ನು ಹೊತ್ತು ತಂದು ಮೊಣಕಾಲೆತ್ತರ ಒಟ್ಟಿದಳು. ಅದರ ಮೇಲೆ ತನಗಿದ್ದ ಒಂದೇ ಕಂಬಳಿ ಹೊದಿಸಿ, ಸುತ್ತ ಕಲ್ಲು ಹೇರಿದಳು. ತಾನು ಕುರಿಗಳ ನಡುವೆ ಮಲಗಿದಳು. ಮೂರು ತಿಂಗಳು ಗಾಳಿ ಕಂಬಳಿಯನ್ನು ಎಳೆದು ಎಳೆದು ಸುಸ್ತಾಯಿತು.

ಬಿಸಿಲು ಮರಳಿದ ಒಂದು ಬೆಳಿಗ್ಗೆ ಕಂಬಳಿಯ ನಡುಭಾಗ ಮೇಲೆದ್ದಿತ್ತು. ಮಾಳವ್ವ ಅದನ್ನು ಸರಿಸಿದಳು. ಸುರುಳಿ ಸುತ್ತಿದ ಹಸಿರು ಎಲೆ! ಒಂದಲ್ಲ, ಅಕ್ಕಪಕ್ಕ ಇನ್ನೆರಡು.

"ಅವ್ವಾ, ಇನ್ಮೇಲೆ ನನ್ನ ಹೊದಿಕೇನ ನಾನು ಕೆಳಕ್ಕೆ ಹಾಕಾಕಿಲ್ಲ," ಎಂದಳು ಬಾಳೆ. "ಹಾಕಿದ್ರೆ ತಾನೇ ನೀನು ಗುಡಿಸೋದು!"

ಮಾಳವ್ವ ಕಣ್ಣೀರು ಬರುವಷ್ಟು ನಕ್ಕಳು. ಹೊಳೆಯ ದಂಡೆಗೆ ಹೋಗಿ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು: "ಕಡಲಿಗೆ ಹೊಂಟಿದ್ದೀಯಲ್ಲ, ಅವಳ ತಾಯಿಗೆ ಹೇಳು! ಮಗಳು ಚಳಿಯನ್ನ ಗೆದ್ದವಳೆ. ಒಬ್ಬಳು ಮೂವರಾಗವಳೆ!"

ಹೊಳೆ ಸುದ್ದಿ ಹೊತ್ತು ಓಡಿತು. ಮಗಳು ಗೆದ್ದ ಬಗೆ ಕೇಳಿ ತೀರದ ಬಾಳೆಗಳೆಲ್ಲ ಅಂದಿನಿಂದ ಒಣ ಎಲೆಯನ್ನು ಉದುರಿಸದೆ ಅವಳಂತೆಯೇ ಉಟ್ಟವು.

ಅದಕ್ಕೇ ಇವತ್ತಿಗೂ, ಬೆವರು ಸುರಿಯುವ ಸೆಕೆಯಲ್ಲೂ, ನಿಮ್ಮ ಹಿತ್ತಲಿನ ಬಾಳೆ ಒಣಗಿದ ಎಲೆಗಳನ್ನು ಸೊಂಟದ ಸುತ್ತ ಇಳಿಬಿಟ್ಟುಕೊಂಡು, ಮಕ್ಕಳನ್ನು ಬುಡದಲ್ಲಿ ನಿಲ್ಲಿಸಿಕೊಂಡು, ತಲೆಯೆತ್ತಿ ನಿಂತಿರುತ್ತದೆ.